ಕುಡಿಕೆ ಹೊನ್ನು ಕರಗುವ ಹೊತ್ತು: ಊಟ ಸಿಗದ ಬ್ಯಾಕ್ಟೀರಿಯಾ ಉಸಿರಾಡುವುದು ಹೇಗೆ?

ದಸರಾ ರಜೆ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್ ಮುಕ್ಕಾಲು ಪಾಲು ಖಾಲಿ. ಒಬ್ಬರು ಹಾಸನಕ್ಕೆ, ಇನ್ನೊಬ್ಬರು ಹುಬ್ಬಳ್ಳಿಗೆ, ಕೆಲವರು ಜಂಬೂಸವಾರಿ ನೋಡಲು ಮೈಸೂರಿಗೆ. ನೆಲಮಾಳಿಗೆಯಲ್ಲಿ ನಮ್ಮದೇ ಒಂದು ಎಸ್‌ಟಿಪಿ ಇದೆ, ಕೊಳಚೆ ನೀರು ಶುದ್ಧ ಮಾಡುವ ಘಟಕ. ಅಲ್ಲಿಗೆ ಬರುವ ನೀರು ರಾತ್ರಿ ಹತ್ತರ ಮೇಲೆ ನಿಂತೇ ಹೋಗಿತ್ತು. ಗಾಳಿ ಊದುವ ಬ್ಲೋವರ್ ಮಾತ್ರ ಗುಂಯ್ ಅಂತ ಓಡುತ್ತಲೇ ಇತ್ತು. ಕರೆಂಟ್ ಬಿಲ್ ನೋಡುವ ಕೆಲಸ ಆ ವರ್ಷ ನನ್ನ ತಲೆಗೆ ಬಂದಿತ್ತು. "ಊಟ ಹಾಕೋರೇ ಊರಲ್ಲಿಲ್ಲ, ಇವಕ್ಕೆ ಗಾಳಿ ಯಾಕ್ರೀ?" ಅಂತ ಆಪರೇಟರನ್ನು ಕೇಳಿದೆ.

"ಊಟ ಇಲ್ಲ ಅಂದ್ರೆ ಉಸಿರು ನಿಲ್ಲುತ್ತಾ ಸಾರ್?" ಅಂದ ಆತ.

ಸುಮ್ನೆ ಹೇಳಲಿಲ್ಲ, ತೋರಿಸಿಯೂ ಬಿಟ್ಟ. ಗಾಳಿ ತೊಟ್ಟಿಯಿಂದ ಕಂದು ಬಣ್ಣದ ನೀರನ್ನು ಒಂದು ಬಾಟಲಿಗೆ ತುಂಬಿದ. ಆಮ್ಲಜನಕ ಅಳೆಯುವ ಕಡ್ಡಿಯನ್ನು ಬಾಯಿಗೆ ಬಿಗಿಯಾಗಿ ಸಿಕ್ಕಿಸಿದ. ಮೊದಲಿಗೆ ಮೀಟರ್ 4 ತೋರಿಸಿತು, ಅಂದರೆ ಲೀಟರಿಗೆ 4 ಮಿಲಿಗ್ರಾಂ. ಹತ್ತು ನಿಮಿಷ ಬಿಟ್ಟು ನೋಡಿದರೆ 2.5. ಹೊರಗಿನಿಂದ ಒಂದು ತೊಟ್ಟು ಊಟ ಹಾಕಿಲ್ಲ. ಆದರೂ ಬಾಟಲಿಯೊಳಗೆ ಯಾರೋ ಆಮ್ಲಜನಕ ಕುಡಿಯುತ್ತಿದ್ದಾರೆ.

ಏನನ್ನು ಸುಡಲು ಕುಡಿಯುತ್ತಿದ್ದಾರೆ? ತಮ್ಮನ್ನೇ. ಇದಕ್ಕೆ ಎಂಡೋಜೀನಸ್ ರೆಸ್ಪಿರೇಶನ್ ಅನ್ನುತ್ತಾರೆ. ನಾನು ಇಲ್ಲಿ ಅದನ್ನು ಒಳಗಂಟಿನ ಉಸಿರಾಟ ಅಂತ ಕರೆಯುತ್ತೇನೆ. ಕಷ್ಟಕ್ಕೆ ಆಗಲಿ ಅಂತ ಕಟ್ಟಿಟ್ಟ ಗಂಟನ್ನು ಬಿಚ್ಚಿ ದಿನ ದೂಡುವ ಉಸಿರಾಟ ಇದು.

ಉಸಿರಾಟ ಅಂದ ಕೂಡಲೇ ನಮಗೆ ಮೂಗು, ಎದೆ ನೆನಪಾಗುತ್ತವೆ. ಬ್ಯಾಕ್ಟೀರಿಯಾಕ್ಕೆ ಎರಡೂ ಇಲ್ಲ. ಅದರ ಮಟ್ಟಿಗೆ ಉಸಿರಾಟ ಅಂದರೆ ಒಂದು ಕೈಬದಲಿನ ವ್ಯವಹಾರ. ಆಹಾರದ ಅಣುವಿನಿಂದ ಎಲೆಕ್ಟ್ರಾನ್ ಕೀಳುವುದು, ಕೋಶದ ಪೊರೆಯಲ್ಲಿ ಸಾಲಾಗಿ ನಿಂತ ಪ್ರೋಟೀನುಗಳ ಕೈಯಿಂದ ಕೈಗೆ ದಾಟಿಸುವುದು, ಕೊನೆಗೆ ಆಮ್ಲಜನಕಕ್ಕೆ ಒಪ್ಪಿಸುವುದು. ಹೀಗೆ ದಾಟುವಾಗ ಸಿಗುವ ಶಕ್ತಿಯಿಂದ ಕೋಶ ಪ್ರೋಟಾನುಗಳನ್ನು ಪೊರೆಯ ಆಚೆಗೆ ಪಂಪ್ ಮಾಡುತ್ತದೆ. ಆಚೆ ಜಾಸ್ತಿ, ಈಚೆ ಕಡಿಮೆ. ಲಿಂಗನಮಕ್ಕಿಯಲ್ಲಿ ನೀರು ಕಟ್ಟಿ ನಿಲ್ಲಿಸಿದ ಹಾಗೆ. ಆ ಪ್ರೋಟಾನುಗಳು ವಾಪಸ್ ಒಳಗೆ ಇಳಿಯುವಾಗ ಪೊರೆಯಲ್ಲಿರುವ ಒಂದು ಪುಟ್ಟ ಟರ್ಬೈನ್ ತಿರುಗುತ್ತದೆ, ಎಟಿಪಿ ತಯಾರಾಗುತ್ತದೆ. ಕೋಶದಲ್ಲಿ ನಡೆಯುವ ಕೆಲಸಗಳಿಗೆಲ್ಲ ಹೆಚ್ಚುಕಡಿಮೆ ಇದೇ ಚಿಲ್ಲರೆ ಕಾಸು.

ಈಗ ಮುಖ್ಯ ವಿಷಯ. ಈ ಅಣೆಕಟ್ಟು ಸೋರುತ್ತದೆ. ಪೊರೆ ಎಷ್ಟೇ ಗಟ್ಟಿಯಿದ್ದರೂ ಪ್ರೋಟಾನುಗಳು ಅಲ್ಲಲ್ಲಿ ನುಸುಳಿ ಒಳಬರುತ್ತವೆ. ಒಳಗಿರಬೇಕಾದ ಪೊಟ್ಯಾಸಿಯಂ ಹೊರಗೆ ಜಾರುತ್ತದೆ. ಪ್ರೋಟೀನುಗಳು ಹಾಳಾಗುತ್ತವೆ, ಡಿಎನ್‌ಎಗೆ ಪೆಟ್ಟು ಬೀಳುತ್ತದೆ. ಬೆಳೆಯುವುದು, ಮರಿ ಮಾಡುವುದು ಎಲ್ಲ ನಿಲ್ಲಿಸಿ ಸುಮ್ಮನೆ ಬಿದ್ದುಕೊಂಡರೂ ಈ ರಿಪೇರಿ ಖರ್ಚು ತಪ್ಪುವುದಿಲ್ಲ. ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಮೇಂಟೆನೆನ್ಸ್ ಕಟ್ಟಬೇಕು, ಅಲ್ವಾ? ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೀವವಿಜ್ಞಾನಿಗಳೂ ಇದನ್ನು ಮೇಂಟೆನೆನ್ಸ್ ಅಂತಲೇ ಕರೆಯುತ್ತಾರೆ.

ಸರಿ, ದುಡ್ಡು ಎಲ್ಲಿಂದ? ಊಟ ಸಿಕ್ಕಿದ ದಿನ ಬಚ್ಚಿಟ್ಟದ್ದರಿಂದ.

ಸಕ್ಕರೆಯಂಥ ಊಟ ಧಾರಾಳವಾಗಿ ಸಿಕ್ಕಿತು, ಆದರೆ ಸಾರಜನಕವೋ ರಂಜಕವೋ ಸಾಲಲಿಲ್ಲ ಅಂದುಕೊಳ್ಳಿ. ಇಟ್ಟಿಗೆ ರಾಶಿ ಬಿದ್ದಿದೆ, ಸಿಮೆಂಟ್ ಇಲ್ಲ. ಮನೆ ಕಟ್ಟಲು ಆಗುವುದಿಲ್ಲ. ಆಗ ಅನೇಕ ಬ್ಯಾಕ್ಟೀರಿಯಾಗಳು ಇಟ್ಟಿಗೆಯನ್ನು ಪೇರಿಸಿಡುತ್ತವೆ. ಕೆಲವು ಗ್ಲೈಕೋಜನ್ ಮಾಡುತ್ತವೆ. ಇದು ಗ್ಲೂಕೋಸ್ ಅಣುಗಳ ಕವಲೊಡೆದ ಸರಪಳಿ, ನಮ್ಮ ಲಿವರ್‌ನಲ್ಲಿ ಇರುವುದೂ ಅದೇ. ಇನ್ನು ಕೆಲವು ಪಿಎಚ್‌ಬಿ ಎಂಬ ಕಣಗಳನ್ನು ಕಟ್ಟುತ್ತವೆ. ಕೆಲಸದಲ್ಲಿ ಇದು ಕೊಬ್ಬಿನ ಹಾಗೆ, ಗುಣದಲ್ಲಿ ಪ್ಲಾಸ್ಟಿಕ್ಕಿನ ಹಾಗೆ. 1926ರಲ್ಲಿ ಫ್ರಾನ್ಸಿನ ಮಾರಿಸ್ ಲೆಮ್ವಾನ್ಯ್ ಇದನ್ನು ಬ್ಯಾಸಿಲಸ್ ಮೆಗಾಟೀರಿಯಂ ಎಂಬ ಬ್ಯಾಕ್ಟೀರಿಯಾದಲ್ಲಿ ಗುರುತಿಸಿದರು. ಇವತ್ತು ಮಣ್ಣಿನಲ್ಲಿ ಕರಗುವ ಪ್ಲಾಸ್ಟಿಕ್ ಅಂತ ನಾವು ಕೇಳುವ ಪದಾರ್ಥಗಳಲ್ಲಿ ಇದರ ಬಳಗವೂ ಒಂದು. ಕುಪ್ರಿಯಾವಿಡಸ್ ನೆಕೇಟರ್ ಅನ್ನುವ ಬ್ಯಾಕ್ಟೀರಿಯಾಕ್ಕೆ ಸಾರಜನಕ ಕಡಿಮೆ ಮಾಡಿ ಊಟ ಸುರಿದರೆ, ಅದರ ಒಣ ತೂಕದಲ್ಲಿ ಶೇಕಡಾ 80ರಷ್ಟು ಪಿಎಚ್‌ಬಿಯೇ ಆಗಬಹುದು. ಮನೆ ತುಂಬ ಮೂಟೆ, ಮಲಗಲು ಜಾಗವಿಲ್ಲ ಅನ್ನುವ ಸ್ಥಿತಿ.

ಇಲ್ಲೊಂದು ಪ್ರಶ್ನೆ. ಸಕ್ಕರೆಯನ್ನು ಹಾಗೇ ಬಿಡಿಬಿಡಿಯಾಗಿ ಇಟ್ಟುಕೊಳ್ಳಬಾರದಾ? ಸರಪಳಿ ಮಾಡುವ ಕಷ್ಟ ಯಾಕೆ? ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಬಿಟ್ಟಿರುತ್ತದೆ. ಕರಗಿದ ಕಣಗಳು ಯಾವ ಕಡೆ ಜಾಸ್ತಿಯೋ ನೀರು ಆ ಕಡೆಗೆ ಓಡುತ್ತದೆ. ಬ್ಯಾಕ್ಟೀರಿಯಾ ತನ್ನ ಹೊಟ್ಟೆಯೊಳಗೆ ಬಿಡಿ ಸಕ್ಕರೆ ತುಂಬಿಕೊಂಡರೆ ಹೊರಗಿನ ನೀರು ನುಗ್ಗಿ ಒಡೆದು ಹೋದೀತು. ನೀರಿಗೆ ಲೆಕ್ಕ ಸಿಗುವುದು ಕಣಗಳ ಎಣಿಕೆ, ತೂಕ ಅಲ್ಲ. ಸಾವಿರಾರು ಗ್ಲೂಕೋಸನ್ನು ಒಂದೇ ದಾರಕ್ಕೆ ಪೋಣಿಸಿದರೆ ಅದು ಒಂದೇ ಕಣ. ಪಿಎಚ್‌ಬಿಯಂತೂ ನೀರಿನಲ್ಲಿ ಕರಗುವುದೇ ಇಲ್ಲ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಹಿಡಿಸಿದ ಜಾಣತನ ಇದು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳವನ್ನು ಹಗೇವಿನಲ್ಲಿ ನೆಲದೊಳಗೆ ಹೂತಿಡುತ್ತಿದ್ದರಲ್ಲ, ಅಂಗಳದ ಓಡಾಟಕ್ಕೆ ಅಡ್ಡ ಬರಬಾರದು, ಬೇಕಾದಾಗ ಬಾಯಿ ತೆರೆಯಬೇಕು. ಹಾಗೆಯೇ ಇದು.

ಬೇಕರಿಗೆ ಬರುವ ಹಸಿ ಯೀಸ್ಟ್ ಗಟ್ಟಿಯಲ್ಲೂ ಇದೇ ಕಥೆ. ಯೀಸ್ಟಿನ ಒಳಗಂಟು ಅಂದರೆ ಗ್ಲೈಕೋಜನ್ ಮತ್ತು ಟ್ರೆಹಲೋಸ್ ಎಂಬ ಸಕ್ಕರೆ. ಗಟ್ಟಿಯನ್ನು ಫ್ರಿಜ್ಜಿನಲ್ಲಿಡದೆ ರಾಶಿ ಹಾಕಿಟ್ಟರೆ ಯೀಸ್ಟ್ ಆ ಗಂಟನ್ನು ಸುಡುತ್ತಾ ಕೂರುತ್ತದೆ, ರಾಶಿ ತಾನಾಗಿಯೇ ಬೆಚ್ಚಗಾಗುತ್ತದೆ. ಬೆಚ್ಚಗಾದಷ್ಟೂ ಸುಡುವುದು ಜೋರಾಗುತ್ತದೆ. ಗಂಟು ಖಾಲಿಯಾದ ಯೀಸ್ಟಿನಲ್ಲಿ ಹಿಟ್ಟು ಉಬ್ಬಿಸುವ ದಮ್ಮು ಉಳಿದಿರುವುದಿಲ್ಲ.

ಇನ್ನು ಹಸಿವಿನ ಕ್ರಮ. ಇ. ಕೋಲೈ ಬ್ಯಾಕ್ಟೀರಿಯಾವನ್ನೇ ತೆಗೆದುಕೊಳ್ಳೋಣ, ಇದರ ಬಗ್ಗೆ ತಿಳಿದಿರುವಷ್ಟು ಬೇರೆ ಯಾವ ಬ್ಯಾಕ್ಟೀರಿಯಾದ ಬಗ್ಗೆಯೂ ತಿಳಿದಿಲ್ಲ. ಊಟ ನಿಂತಾಗ ಮೊದಲು ಕೈ ಹಾಕುವುದು ಗ್ಲೈಕೋಜನ್ ಮೂಟೆಗೆ. ಅದು ಇರುವ ತನಕ ಪ್ರೋಟೀನಿನ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಮೂಟೆ ಬರಿದಾಯಿತೋ, ಕೋಶದಿಂದ ಹೊರಗೆ ಅಮೋನಿಯಾ ಕಾಣಿಸಿಕೊಳ್ಳಲು ಶುರು. ಇದು ಒಳ್ಳೆಯ ಗುರುತು. ಗ್ಲೈಕೋಜನ್ನಿನಲ್ಲಿ ಸಾರಜನಕ ಇಲ್ಲ, ಪ್ರೋಟೀನಿನಲ್ಲಿ, ಆರ್‌ಎನ್‌ಎಯಲ್ಲಿ ಇದೆ. ಅಮೋನಿಯಾ ಬಂತು ಅಂದರೆ ಕಣಜ ಮುಗಿಯಿತು, ಈಗ ಬಾಗಿಲು ತೊಲೆಗಳನ್ನು ಒಲೆಗೆ ಹಾಕುತ್ತಿದ್ದಾರೆ ಅಂತ ಅರ್ಥ.

ಯಾವ ತೊಲೆ ಮೊದಲು? ರೈಬೋಸೋಮುಗಳು. ಇವು ಪ್ರೋಟೀನ್ ತಯಾರಿಸುವ ಯಂತ್ರಗಳು. ಜೋರಾಗಿ ಬೆಳೆಯುವ ಒಂದು ಇ. ಕೋಲೈ ಕೋಶದಲ್ಲಿ ಇಂಥವು ಹತ್ತಾರು ಸಾವಿರ ಇರುತ್ತವೆ. ಅವುಗಳ ಆರ್‌ಎನ್‌ಎಯೇ ಕೋಶದ ಒಣ ತೂಕದ ಐದನೇ ಒಂದು ಪಾಲಿನಷ್ಟು. ಆರ್ಡರ್ ಇಲ್ಲದ ಫ್ಯಾಕ್ಟರಿಗೆ ಇಷ್ಟು ಯಂತ್ರ ಯಾಕೆ? ಕೆಲವನ್ನು ಬಿಚ್ಚಿ ಗುಜರಿಗೆ ಹಾಕುತ್ತದೆ. ಆದರೆ ಎಲ್ಲವನ್ನೂ ಅಲ್ಲ. ಉಳಿದವನ್ನು ಎರಡೆರಡಾಗಿ ಬೆನ್ನಿಗೆ ಬೆನ್ನು ಜೋಡಿಸಿ ನಿದ್ದೆಗೆ ಹಾಕುತ್ತದೆ. ಜೋಡಿಯಾದ ರೈಬೋಸೋಮ್ ಕೆಲಸ ಮಾಡುವುದಿಲ್ಲ, ಬೇಗ ಹಾಳೂ ಆಗುವುದಿಲ್ಲ. ಊಟ ಬಂದ ದಿನ ಬಿಡಿಸಿಕೊಂಡು ಮತ್ತೆ ಕೆಲಸಕ್ಕೆ ನಿಲ್ಲುತ್ತವೆ.

ಪ್ರೋಟೀನುಗಳನ್ನೂ ಕೋಶ ಒಡೆಯುತ್ತದೆ. ಬರೀ ಸುಡುವುದಕ್ಕಲ್ಲ. ಹಸಿವಿನ ಕಾಲಕ್ಕೆ ಬೇಕಾದ ಹೊಸ ಪ್ರೋಟೀನ್ ಕಟ್ಟಲು ಅಮೈನೋ ಆಮ್ಲ ಬೇಕಲ್ಲ, ಅದು ಹಳೆಯ ಪ್ರೋಟೀನಿನಿಂದಲೇ ಬರಬೇಕು. ಹಳೇ ಸೀರೆ ಹರಿದು ಕೌದಿ ಹೊಲಿಯುವ ಕೆಲಸ. ಇಷ್ಟೆಲ್ಲ ತೀರ್ಮಾನ ಯಾರು ಮಾಡುತ್ತಾರೆ? ಒಂದು ಪುಟ್ಟ ಅಣು. 1969ರಲ್ಲಿ ಕ್ಯಾಶೆಲ್ ಮತ್ತು ಗ್ಯಾಲಂಟ್, ಅಮೈನೋ ಆಮ್ಲ ಸಿಗದ ಇ. ಕೋಲೈ ಕೋಶಗಳ ರಸದಲ್ಲಿರುವ ಅಣುಗಳನ್ನು ಬೇರ್ಪಡಿಸಿ ನೋಡಿದಾಗ, ಅದುವರೆಗೆ ಯಾರೂ ಗಮನಿಸದಿದ್ದ ಒಂದು ಚುಕ್ಕೆಯನ್ನು ಕಂಡರು. ಅದಕ್ಕೆ ಮ್ಯಾಜಿಕ್ ಸ್ಪಾಟ್ ಅಂತ ಹೆಸರಾಯಿತು. ಅದರ ನಿಜನಾಮ ಪಿಪಿಜಿಪಿಪಿ. ಈ ಅಣು ಏರಿದರೆ ಹೊಸ ರೈಬೋಸೋಮ್ ತಯಾರಿಕೆಗೆ ತಡೆ ಬೀಳುತ್ತದೆ, ಉಳಿತಾಯದ ಆಡಳಿತ ಶುರುವಾಗುತ್ತದೆ.

ಡಿಎನ್‌ಎ ಮಾತ್ರ ಸುಲಭಕ್ಕೆ ಒಲೆಗೆ ಬೀಳುವುದಿಲ್ಲ. ಮನೆಯ ತೊಲೆ ಸುಟ್ಟಾರು, ಪತ್ರ ಸುಡುತ್ತಾರಾ?

ಹಾಗಾದರೆ ದೊಡ್ಡ ಗಂಟು ಇದ್ದವನೇ ಜಾಸ್ತಿ ದಿನ ಬದುಕುತ್ತಾನೆ ಅಂತ ಅನ್ನಿಸುವುದು ಸಹಜ. ಅಲ್ಲ. "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಅನ್ನುವ ಗಾದೆ ಬ್ಯಾಕ್ಟೀರಿಯಾಕ್ಕೂ ಅನ್ವಯಿಸುತ್ತದೆ. ಗಂಟಿನ ಗಾತ್ರಕ್ಕಿಂತ ಕೈ ಬಿಗಿ ಮುಖ್ಯ. 1970ರಲ್ಲಿ ಬಾಯ್ಲೆನ್ ಮತ್ತು ಎನ್‌ಸೈನ್ ಎಂಬಿಬ್ಬರು ಮಣ್ಣಿನಲ್ಲಿರುವ ಆರ್ಥ್ರೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾವನ್ನು ಪೂರ್ತಿ ಉಪವಾಸ ಕೆಡವಿದರು. 30 ದಿನ ಕಳೆದರೂ ಹೆಚ್ಚುಕಡಿಮೆ ಎಲ್ಲವೂ ಬದುಕಿದ್ದವು. ಅದರ ಗುಟ್ಟು, ಊಟ ನಿಂತ ಮೊದಲ ಎರಡು ದಿನಗಳಲ್ಲೇ ಒಳ ಉಸಿರಾಟವನ್ನು ತೀರಾ ಕೆಳಕ್ಕೆ ಇಳಿಸಿಕೊಂಡದ್ದು. ಮಳೆ ಬಂದಾಗ ಊಟ, ಇಲ್ಲದಿದ್ದರೆ ಇಲ್ಲ ಅನ್ನುವ ಮಣ್ಣಿನ ಬದುಕಿಗೆ ಒಗ್ಗಿದ ಜೀವ ಅದು. ಬ್ಯಾಸಿಲಸ್ ಜಾತಿಯವು ಇನ್ನೂ ಮುಂದೆ ಹೋಗುತ್ತವೆ. ಉಳಿದ ಗಂಟನ್ನು ಸ್ಪೋರ್, ಅಂದರೆ ಗಟ್ಟಿ ಕವಚದೊಳಗೆ ನಿದ್ದೆ ಹೋಗುವ ರೂಪ, ಕಟ್ಟಲು ಸುರಿದು ಅಂಗಡಿಯನ್ನೇ ಮುಚ್ಚಿಬಿಡುತ್ತವೆ. ಸ್ಪೋರ್ ಆದ ಮೇಲೆ ಉಸಿರಾಟದ ಖರ್ಚು ಇಲ್ಲ ಅನ್ನುವಷ್ಟು ಕಡಿಮೆ.

ಇಷ್ಟು ವಿಷಯವಿದ್ದರೂ ವಿಜ್ಞಾನಿಗಳು ಬಹಳ ಕಾಲ ಇದನ್ನು ಒಂದು ಪೀಡೆ ಅಂತಲೇ ನೋಡಿದ್ದರು. ಜರ್ಮನಿಯ ಓಟ್ಟೋ ವಾರ್‌ಬರ್ಗ್ ಕೋಶಗಳ ಉಸಿರಾಟದ ಮೇಲಿನ ಕೆಲಸಕ್ಕೆ 1931ರಲ್ಲಿ ನೊಬೆಲ್ ಪಡೆದವರು. ಅವರ ಹೆಸರಿನ ಒಂದು ಉಪಕರಣ ದಶಕಗಳ ಕಾಲ ಪ್ರಯೋಗಾಲಯಗಳಲ್ಲಿ ಇತ್ತು. ಪುಟ್ಟ ಗಾಜಿನ ಬುಡ್ಡಿಯಲ್ಲಿ ಕೋಶಗಳು, ಅದಕ್ಕೊಂದು ಸಣ್ಣ ಕೊಳವೆ. ಆಮ್ಲಜನಕ ಖರ್ಚಾದಂತೆ ಒತ್ತಡ ಬದಲಾಗಿ ಕೊಳವೆಯ ದ್ರವ ಸರಿಯುತ್ತದೆ. ಒಂದು ಬುಡ್ಡಿಗೆ ಸಕ್ಕರೆ ಹಾಕುತ್ತಿದ್ದರು, ಇನ್ನೊಂದಕ್ಕೆ ಏನೂ ಹಾಕುತ್ತಿರಲಿಲ್ಲ. ಏನೂ ಹಾಕದ ಬುಡ್ಡಿಯಲ್ಲೂ ದ್ರವ ಸರಿಯುತ್ತಿತ್ತು! ಅದನ್ನು ಬ್ಲಾಂಕ್ ಅಂತ ಕರೆದು, ಸಕ್ಕರೆಯ ಲೆಕ್ಕದಿಂದ ಕಳೆದು, ಮರೆಯುತ್ತಿದ್ದರು.

ಆ ಕಳೆಯುವುದರಲ್ಲೇ ಒಂದು ತೊಡಕಿದೆ. ಸಕ್ಕರೆ ಸಿಕ್ಕಿದ ಮೇಲೂ ಕೋಶ ತನ್ನ ಗಂಟನ್ನು ಅದೇ ವೇಗದಲ್ಲಿ ಸುಡುತ್ತಾ ಇರುತ್ತದೆಯೇ? ಇಲ್ಲಾ ನಿಲ್ಲಿಸಿಬಿಡುತ್ತದೆಯೇ? ನಿಲ್ಲಿಸಿದರೆ ಕಳೆಯುವುದೇ ತಪ್ಪು. ಗುರುತಿಟ್ಟ ಇಂಗಾಲ, ಅಂದರೆ ಕಾರ್ಬನ್ 14 ಬಳಸಿ ನೋಡಿದಾಗ ಉತ್ತರ ಒಂದೊಂದು ಜೀವಿಯಲ್ಲಿ ಒಂದೊಂದು ಥರ ಬಂತು. 1962ರಲ್ಲಿ ಮತ್ತು 1964ರಲ್ಲಿ ಡಾಸ್ ಮತ್ತು ರಿಬನ್ಸ್ ಎಂಬಿಬ್ಬರು ಇಂಥ ಫಲಿತಾಂಶಗಳನ್ನೆಲ್ಲ ಒಟ್ಟುಹಾಕಿ ವಿಮರ್ಶೆ ಬರೆದರು. ಕಸದ ಬುಟ್ಟಿಗೆ ಹೋಗುತ್ತಿದ್ದ ಬ್ಲಾಂಕ್ ಆಗ ತಾನೇ ಒಂದು ವಿಷಯವಾಗಿ ನಿಂತಿತು.

ಲೆಕ್ಕ ಬರೆಯುವುದರಲ್ಲೂ ಎರಡು ಪಂಗಡ. 1958ರಲ್ಲಿ ಹರ್ಬರ್ಟ್, ಕೋಶ ಬೆಳೆಯುತ್ತಿರುವಾಗಲೂ ಒಂದಷ್ಟು ಭಾಗ ಕರಗುತ್ತಲೇ ಇರುತ್ತದೆ ಅಂತ ಸಮೀಕರಣ ಬರೆದರು. 1965ರಲ್ಲಿ ಪರ್ಟ್, ಬಂದ ಊಟದಲ್ಲೇ ಮೊದಲು ಮೇಂಟೆನೆನ್ಸ್ ಮುರಿದುಕೊಂಡು ಉಳಿದದ್ದರಲ್ಲಿ ಬೆಳೆಯುತ್ತದೆ ಅಂದರು. ಮನೆ ಖರ್ಚನ್ನು ಉಳಿತಾಯದಿಂದ ತೆಗೆಯುವುದೋ ಸಂಬಳದಿಂದ ತೆಗೆಯುವುದೋ ಅನ್ನುವಷ್ಟೇ ವ್ಯತ್ಯಾಸ. ಸಂಬಳ ಬರುತ್ತಿರುವ ತನಕ ಎರಡೂ ಒಂದೇ ಉತ್ತರ ಕೊಡುತ್ತವೆ. ಸಂಬಳ ನಿಂತಾಗ ಪರ್ಟ್ ಅವರ ದಾರಿಯಲ್ಲಿ ಉತ್ತರ ಇಲ್ಲ. ಎಸ್‌ಟಿಪಿ ಎಂಜಿನಿಯರುಗಳು ಹರ್ಬರ್ಟ್ ಅವರ ದಾರಿ ಹಿಡಿದದ್ದು ಇದಕ್ಕೇ ಇರಬೇಕು ಅಂತ ನನ್ನ ಊಹೆ.

ಎಸ್‌ಟಿಪಿ ಅಂದೆನಲ್ಲ, ಮತ್ತೆ ನೆಲಮಾಳಿಗೆಗೆ ಇಳಿಯೋಣ. ನಮ್ಮ ಗಾಳಿ ತೊಟ್ಟಿಯ ಮೂಲ ಇಂಗ್ಲೆಂಡಿನ ಮ್ಯಾಂಚೆಸ್ಟರ್. ಕೊಳಚೆಗೆ ಗಾಳಿ ಊದಿದ ಮೇಲೆ ತಳದಲ್ಲಿ ಕೂರುವ ಕೆಸರನ್ನು ಚೆಲ್ಲಬಾರದು, ಅದನ್ನೇ ಮುಂದಿನ ಕೊಳಚೆಗೆ ಹೆಪ್ಪಿನ ಹಾಗೆ ಹಾಕಬೇಕು ಅಂತ 1914ರಲ್ಲಿ ಆರ್ಡರ್ನ್ ಮತ್ತು ಲಾಕೆಟ್ ತೋರಿಸಿಕೊಟ್ಟರು. ಆ ಕೆಸರು ಅಂದರೆ ಬ್ಯಾಕ್ಟೀರಿಯಾಗಳ ಮುದ್ದೆ. ಆಪರೇಟರುಗಳ ಬಾಯಲ್ಲಿ ಸ್ಲಡ್ಜ್. ಅದು ದಿನ ದಿನ ಬೆಳೆಯುತ್ತದೆ, ಹೆಚ್ಚಾದದ್ದನ್ನು ಹೊರಗೆ ಸಾಗಿಸಬೇಕು, ಸಾಗಿಸಲು ದುಡ್ಡು ಬೇಕು. ಅದಕ್ಕೇ ಅಪಾರ್ಟ್‌ಮೆಂಟಿನಂಥ ಸಣ್ಣ ಘಟಕಗಳಲ್ಲಿ ಎಕ್ಸ್‌ಟೆಂಡೆಡ್ ಏರೇಶನ್ ಅನ್ನುವ ವಿಧಾನ ಜಾಸ್ತಿ. ಸ್ಲಡ್ಜನ್ನು 20-30 ದಿನ ತೊಟ್ಟಿಯಲ್ಲೇ ಉಳಿಸಿಕೊಂಡು, ಊಟ ಕಡಿಮೆ, ಗಾಳಿ ಧಾರಾಳ. ಅರೆಹೊಟ್ಟೆಯ ಬ್ಯಾಕ್ಟೀರಿಯಾ ತನ್ನನ್ನೇ ಸುಟ್ಟುಕೊಳ್ಳುತ್ತದೆ, ಸ್ಲಡ್ಜ್ ಕರಗುತ್ತದೆ. ಅಂದರೆ ಒಳಗಂಟಿನ ಉಸಿರಾಟ ಇಲ್ಲಿ ಯಾವುದೋ ಅಡ್ಡಪರಿಣಾಮ ಅಲ್ಲ. ನಾವು ಬೇಕೆಂದೇ ಕರೆಂಟ್ ಕೊಟ್ಟು ಮಾಡಿಸುವ ಕೆಲಸ.

ಎಷ್ಟು ಕರಗುತ್ತದೆ? ಬ್ಯಾಕ್ಟೀರಿಯಾದ ಮೈಯನ್ನು ಸರಾಸರಿಯಲ್ಲಿ ಐದು ಇಂಗಾಲ, ಏಳು ಜಲಜನಕ, ಒಂದು ಸಾರಜನಕ, ಎರಡು ಆಮ್ಲಜನಕ ಅಂತ ಎಂಜಿನಿಯರುಗಳು ಬರೆಯುತ್ತಾರೆ. ಇದನ್ನು ಪೂರ್ತಿ ಸುಡಲು ಐದು ಆಮ್ಲಜನಕ ಅಣು ಬೇಕು. ತೂಕದಲ್ಲಿ 1 ಕಿಲೋ ಕೋಶಕ್ಕೆ 1.42 ಕಿಲೋ ಆಮ್ಲಜನಕ. ಹೊರಬರುವುದು ಇಂಗಾಲದ ಡೈಆಕ್ಸೈಡ್, ನೀರು ಮತ್ತು ಅದೇ ಅಮೋನಿಯಾ. ಕರಗುವ ವೇಗ 20 ಡಿಗ್ರಿಯಲ್ಲಿ ದಿನಕ್ಕೆ ಸುಮಾರು ಶೇಕಡಾ 6 ಅಂತ ಹಿಡಿಯೋಣ. 100 ಘನಮೀಟರ್ ತೊಟ್ಟಿ, ಲೀಟರಿಗೆ 3 ಗ್ರಾಂ ಲೆಕ್ಕದಲ್ಲಿ ಒಟ್ಟು 300 ಕಿಲೋ ಬ್ಯಾಕ್ಟೀರಿಯಾ. ದಿನಕ್ಕೆ ಕರಗುವುದು 18 ಕಿಲೋ. ಅದರಲ್ಲಿ ಐದನೇ ಒಂದು ಭಾಗ ಜಿಗುಟು ಕಸ, ಯಾರ ಹಲ್ಲಿಗೂ ಬಗ್ಗದು. ಉಳಿದದ್ದನ್ನು ಸುಡಲು ಸುಮಾರು 20 ಕಿಲೋ ಆಮ್ಲಜನಕ ಬೇಕು. ಗಂಟೆಗೆ, ಲೀಟರಿಗೆ ಹಂಚಿದರೆ ಎಂಟು ಮಿಲಿಗ್ರಾಂ ಚಿಲ್ಲರೆ.

ಆ ರಾತ್ರಿ ಬಾಟಲಿಯಲ್ಲಿ ಹತ್ತು ನಿಮಿಷಕ್ಕೆ ಒಂದೂವರೆ ಮಿಲಿಗ್ರಾಂ ಇಳಿದಿತ್ತು. ಗಂಟೆಗೆ ಒಂಬತ್ತು. ಕಾಗದದ ಲೆಕ್ಕ ಇಷ್ಟು ಹತ್ತಿರ ಬಂದಾಗ ನನಗೆ ಸ್ವಲ್ಪ ಅನುಮಾನವೇ ಆಯಿತು, ಆದರೆ ಎರಡನೇ ಬಾಟಲಿಯೂ ಅದನ್ನೇ ಹೇಳಿತು.

ಒಂದು ತಿದ್ದುಪಡಿ ಬೇಕು. ಬಾಟಲಿಯಲ್ಲಿ ಆಮ್ಲಜನಕ ಕುಡಿದ ಪ್ರತಿ ಕೋಶವೂ ತನ್ನ ಗಂಟನ್ನೇ ಸುಡುತ್ತಿತ್ತು ಅಂದುಕೊಳ್ಳಬೇಡಿ. ಕೆಲವು ಸತ್ತು ಒಡೆಯುತ್ತವೆ, ಅಕ್ಕಪಕ್ಕದವು ಆ ರಸ ಕುಡಿಯುತ್ತವೆ. ಈ ಲೆಕ್ಕ ಬಹಳ ಕಠೋರ. ಪೋಸ್ಟ್‌ಗೇಟ್ ಮತ್ತು ಹಂಟರ್ 1962ರಲ್ಲಿ ಒಂದು ಬ್ಯಾಕ್ಟೀರಿಯಾದಲ್ಲಿ ನೋಡಿದಂತೆ, ಒಂದು ಕೋಶ ಎರಡಾಗಲು ಸುಮಾರು 50 ಕೋಶ ಸಾಯಬೇಕಿತ್ತು. ಇದರ ಮೇಲೆ ಪ್ರೋಟೋಜೋವಾ, ರೋಟಿಫರ್‌ಗಳಂಥ, ಬ್ಯಾಕ್ಟೀರಿಯಾಕ್ಕಿಂತ ದೊಡ್ಡ ಸೂಕ್ಷ್ಮಜೀವಿಗಳು ಅವನ್ನು ಮೇಯುತ್ತಿರುತ್ತವೆ. ಮೀಟರಿಗೆ ಇವು ಯಾವುದರ ಭೇದವೂ ಗೊತ್ತಾಗುವುದಿಲ್ಲ. ಎಲ್ಲ ಸೇರಿಸಿ ಒಂದೇ ಸಂಖ್ಯೆ ಕೊಡುತ್ತದೆ, ಎಂಜಿನಿಯರ್ ಅದಕ್ಕೆ ಒಂದೇ ಹೆಸರು ಇಡುತ್ತಾನೆ.

ಹಾಗಾದರೆ ರಜೆಯಲ್ಲಿ ಬ್ಲೋವರ್ ಆರಿಸಬಹುದಾ? ಪೂರ್ತಿ ಆರಿಸಿದರೆ ಆ ವೇಗದಲ್ಲಿ ತೊಟ್ಟಿಯ ಆಮ್ಲಜನಕ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಆಮೇಲೆ ಕೆಲವು ಬ್ಯಾಕ್ಟೀರಿಯಾ ನೈಟ್ರೇಟನ್ನು ಹಿಡಿದು ಉಸಿರಾಡುತ್ತವೆ, ಅದೂ ಮುಗಿದರೆ ಸಲ್ಫೇಟ್ ಉಸಿರಾಡುವವರ ಸರದಿ. ಅವರು ಬಂದರೆ ಕೊಳೆತ ಮೊಟ್ಟೆ ವಾಸನೆ ಲಿಫ್ಟ್ ಹತ್ತಿ ಮೇಲೆ ಬರುತ್ತದೆ. ಆದರೆ ಇಡೀ ದಿನ ಪೂರ್ತಿ ಜೋರಿನಲ್ಲಿ ಊದುವುದೂ ಬೇಡ. ಲೀಟರಿಗೆ 2 ಮಿಲಿಗ್ರಾಂ ಉಳಿಯುವಷ್ಟು ಸಾಕು. ಜಾಸ್ತಿ ಊದಿದರೆ ಕರೆಂಟ್ ದಂಡ. ಇನ್ನೊಂದು ಕಡೆ, ಉಪವಾಸ ತೀರಾ ಉದ್ದವಾದರೆ ಮುದ್ದೆ ಬಿಡಿಬಿಡಿಯಾಗಿ ಸೂಜಿಮೊನೆಯಂಥ ಚೂರುಗಳು ತೇಲುತ್ತವೆ, ತಿಳಿಯಾಗಿ ಹೊರಬರಬೇಕಾದ ನೀರು ಮಬ್ಬಾಗುತ್ತದೆ. ಹತ್ತು ದಿನ ಒಂದು ತುತ್ತೂ ಸಿಗದಿದ್ದರೆ ಮೇಲಿನ ಲೆಕ್ಕದಂತೆ ಬದುಕಿರುವ ಭಾಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಮ್ಮಲ್ಲಿ ಮಿಕ್ಕ ಮನೆಗಳ ಸ್ನಾನ, ಪಾತ್ರೆ ನೀರು ಬರುತ್ತಿದ್ದುದರಿಂದ ಅಲ್ಲಿಗೆ ಹೋಗಲಿಲ್ಲ. ಆಪರೇಟರ್ ಎರಡು ಬ್ಲೋವರಿನಲ್ಲಿ ಒಂದನ್ನು ನಿಲ್ಲಿಸಿ, ಇನ್ನೊಂದನ್ನು ಬಿಟ್ಟು ಬಿಟ್ಟು ಓಡಿಸಲು ಒಪ್ಪಿದ.

ರಜೆ ಮುಗಿದು ಸೋಮವಾರ ಬೆಳಗ್ಗೆ ಎಂಟಕ್ಕೆ ಮತ್ತೆ ಕೆಳಗಿಳಿದೆ. ಎಲ್ಲ ಮನೆಗಳಲ್ಲೂ ಗೀಸರ್ ಆನ್, ಸ್ಕೂಲ್ ಬಸ್ಸಿನ ಗಡಿಬಿಡಿ, ಪೈಪಿನಲ್ಲಿ ನೀರು ದಬದಬ ಬೀಳುತ್ತಿತ್ತು. ಹಸಿದ ಸ್ಲಡ್ಜ್ ಇಂಥ ಹೊತ್ತಲ್ಲಿ ಒಂದು ಕೆಲಸ ಮಾಡುತ್ತದೆ. ಬೆಳೆಯುವ ಯಂತ್ರಗಳನ್ನು ಮತ್ತೆ ಜೋಡಿಸಲು ಸಮಯ ಬೇಕು, ಅಷ್ಟು ಕಾಯುವುದಿಲ್ಲ. ಸಿಕ್ಕಿದ್ದನ್ನು ಬಾಚಿ ಮೊದಲು ಪಿಎಚ್‌ಬಿ ಮೂಟೆಗೆ ತುಂಬುತ್ತದೆ, ಬೆಳೆಯುವುದು ಆಮೇಲೆ. ಬಾಟಲಿ ತುಂಬಿಸಿ ಕಡ್ಡಿ ಸಿಕ್ಕಿಸಿದೆವು. ಮೀಟರ್ ನಾಲ್ಕರಿಂದ ಎರಡಕ್ಕೆ ಇಳಿಯಲು ಮೂರೇ ನಿಮಿಷ ಹಿಡಿಯಿತು. ಆಪರೇಟರ್ ನನ್ನ ಮುಖ ನೋಡಿ, ಏನೂ ಹೇಳದೆ, ಎರಡನೇ ಬ್ಲೋವರ್ ಹಾಕಲು ಪ್ಯಾನಲ್ ಕಡೆ ನಡೆದ.